ಹೆಸರು ಹೋಯಿತು, ತಲೆ ಉಳಿಯಿತು

ಮಾನ್ಯರೇ,

ಪೂರ್ವ ಜರ್ಮನಿಯ ಕೆಮ್ನಿಟ್ಸ್ ನಗರವನ್ನು ಕುರಿತ ನಮ್ಮ ಲೇಖನವನ್ನು ಓದಿ, ಕಾರ್ಲ್ ಮಾರ್ಕ್ಸ್ ಹೆಸರನ್ನು ಕೈಬಿಟ್ಟ ಊರಿನವರು ಅವರ ಪ್ರತಿಮೆಯನ್ನು ಮಾತ್ರ ಉಳಿಸಿಕೊಂಡದ್ದು ಇಬ್ಬಗೆಯ ನೀತಿಯಲ್ಲವೇ ಎಂದು ಕೇಳಿದ್ದೀರಿ. ಯುರೋಪಿಯನ್ ಒಕ್ಕೂಟ ಒಂದು ವರ್ಷದ ಮಟ್ಟಿಗೆ ಕೊಡುವ ಯುರೋಪಿನ ಸಾಂಸ್ಕೃತಿಕ ರಾಜಧಾನಿಯೆಂಬ 2025ರ ಪಟ್ಟದಿಂದ ಆ ಊರಿಗೆ ಆದದ್ದೇನು ಎಂಬುದು ನಿಮ್ಮ ಇನ್ನೊಂದು ಪ್ರಶ್ನೆ.

ಅದು ಇಬ್ಬಗೆಯೆಂದು ನನಗೆ ತೋರುವುದಿಲ್ಲ. ‘ಕಾರ್ಲ್-ಮಾರ್ಕ್ಸ್-ಸ್ಟಾಟ್’ (ಕಾರ್ಲ್ ಮಾರ್ಕ್ಸ್ ನಗರ) ಎಂಬ ಆ ಹೆಸರು 1953ರ ಮೇ 10ರಂದು ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರ್ಕಾರ ಮೇಲಿನಿಂದ ಹೊರಿಸಿದ್ದು. ಮಾರ್ಕ್ಸರಿಗೂ ಆ ಊರಿಗೂ ಹೇಳಿಕೊಳ್ಳುವಂಥ ನಂಟಿರಲಿಲ್ಲ. ಊರಿನ ಹೆಮ್ಮೆ ಅದಕ್ಕಿಂತ ಹಳೆಯದು. ನೂಲಿನ ಗಿರಣಿಗಳು, ಹಾರ್ಟ್‌ಮನ್ ಕಾರ್ಖಾನೆಯ ರೈಲು ಎಂಜಿನುಗಳು, 1932ರಲ್ಲಿ ನಾಲ್ಕು ಕಾರು ಕಂಪನಿಗಳು ಕೂಡಿ ಕಟ್ಟಿದ ಆಟೋ ಯೂನಿಯನ್ (ಇಂದಿನ ಔಡಿ ಕಾರಿನ ನಾಲ್ಕು ಉಂಗುರಗಳು ಅದರವೇ) ಇವೆಲ್ಲ ಅಲ್ಲಿಯವು. ಕೆಮ್ನಿಟ್ಸ್ ದುಡಿಯುತ್ತದೆ, ಲೈಪ್ಜಿಗ್ ವ್ಯಾಪಾರ ಮಾಡುತ್ತದೆ, ಡ್ರೆಸ್ಡೆನ್ ಖರ್ಚು ಮಾಡುತ್ತದೆ ಎಂಬ ಮಾತು ಈ ಮೂರೂ ನಗರಗಳಿರುವ ಸ್ಯಾಕ್ಸನಿ ರಾಜ್ಯದಲ್ಲಿ ಈಗಲೂ ಚಾಲ್ತಿಯಲ್ಲಿದೆ.

1945ರ ಮಾರ್ಚ್‌ನ ಬಾಂಬ್ ದಾಳಿಗೆ ನೆಲಸಮವಾದ ನಗರದ ನಡುವೆ ಅಗಲವಾದ ಹೊಸ ರಸ್ತೆಗಳೆದ್ದವು. 1971ರಲ್ಲಿ ಸೋವಿಯತ್ ಶಿಲ್ಪಿ ಲೆವ್ ಕೆರ್ಬೆಲ್ ರೂಪಿಸಿದ ಕಂಚಿನ ತಲೆ ಅಲ್ಲಿಗೆ ಬಂತು. ಮುಂಡವಿಲ್ಲ, ಕೈಕಾಲುಗಳಿಲ್ಲ, ಗ್ರಾನೈಟ್ ಪೀಠದ ಮೇಲೆ ಏಳು ಮೀಟರ್ ಎತ್ತರದ, ಸುಮಾರು 40 ಟನ್ ತೂಕದ, ಹುಬ್ಬು ಗಂಟಿಕ್ಕಿದ ಗಡ್ಡದ ಮುಖ, ಅದರ ಹಿಂದಿನ ಗೋಡೆಯ ಮೇಲೆ ನಾಲ್ಕು ಭಾಷೆಗಳಲ್ಲಿ ಕಾರ್ಮಿಕರು ಒಂದಾಗಬೇಕೆಂಬ ಕರೆ. ಸರ್ಕಾರ ಭಕ್ತಿಯಿಂದ ನಿಲ್ಲಿಸಿದ್ದನ್ನು ಜನ ತಮ್ಮ ಆಡುನುಡಿಯಲ್ಲಿ ‘ಬುರುಡೆ’ ಎಂದು ಕರೆದು ತಮ್ಮದಾಗಿಸಿಕೊಂಡರು. ಆದ್ದರಿಂದಲೇ, 1990ರ ಮತದಾನದಲ್ಲಿ ಶೇ. 76ರಷ್ಟು ಮಂದಿ ಕೆಮ್ನಿಟ್ಸ್ ಎಂಬ ಹಳೆಯ ಹೆಸರೇ ಬೇಕೆಂದರೂ, ತಲೆಯನ್ನು ತೆಗೆಯಬೇಕೆಂಬ ಕೂಗು ಗೆಲ್ಲಲಿಲ್ಲ.

ಎರಡೂ ಜರ್ಮನಿಗಳು ಒಂದಾದ ಬಳಿಕದ ವರ್ಷಗಳು ಕಠಿಣವಾಗಿದ್ದವು. ಖಾಸಗೀಕರಣದಲ್ಲಿ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ, ಯುವಕರು ಪಶ್ಚಿಮಕ್ಕೆ ಹೊರಟರು. ಮೂರು ಲಕ್ಷ ಮೀರಿದ್ದ ಜನಸಂಖ್ಯೆ ಎರಡೂವರೆ ಲಕ್ಷದ ಆಸುಪಾಸಿಗೆ ಇಳಿಯಿತು. 2018ರ ಆಗಸ್ಟ್‌ನಲ್ಲಿ ಒಂದು ಕೊಲೆಯ ಬೆನ್ನಿಗೆ ತೀವ್ರ ಬಲಪಂಥೀಯರು ವಲಸಿಗರ ವಿರುದ್ಧ ಸೇರಿದ್ದು ಇದೇ ತಲೆಯ ಮುಂದೆ. ವಾರದೊಳಗೆ ಅವರನ್ನು ವಿರೋಧಿಸಿ ನಡೆದ ಸಂಗೀತ ಕಛೇರಿಗೆ ಸುಮಾರು 65,000 ಜನ ಬಂದರು, ಆದರೆ ಹೊರಗಿನವರಿಗೆ ನೆನಪುಳಿದದ್ದು ಮೊದಲನೆಯದೇ.

ಇನ್ನು ಸಾಂಸ್ಕೃತಿಕ ರಾಜಧಾನಿಯ ಮಾತು. ಉತ್ಸವಗಳಿಂದ ಗಿರಣಿಗಳು ಮರಳುವುದಿಲ್ಲ, ಊರಿನ ವಿದ್ಯುತ್ ಸ್ಥಾವರದ, ಏಳು ಬಣ್ಣ ಬಳಿದುಕೊಂಡ 302 ಮೀಟರಿನ ಚಿಮಣಿ ಎಷ್ಟೇ ಚೆಂದ ಕಂಡರೂ ಉದ್ಯೋಗ ಕೊಡುವುದಿಲ್ಲ. ಆ ವರ್ಷದ ಕೆಲಸಗಳಲ್ಲಿ ನನಗೆ ತೂಕದ್ದೆನಿಸಿದ್ದು ಬೇರೆ: ಹತ್ತು ಮಂದಿಯನ್ನು ಕೊಂದ ನವನಾಜಿ ಗುಂಪಿನ ಮೂವರು 1998ರಿಂದ ಕೆಲಕಾಲ ತಲೆಮರೆಸಿಕೊಂಡಿದ್ದ ಈ ಊರಿನಲ್ಲೇ ಆ ಹತ್ಯೆಗಳನ್ನು ದಾಖಲಿಸುವ ಕೇಂದ್ರ ತೆರೆಯಿತು.

— ಸಂಪಾದಕ