ಬಿಸಿಲು ಕಾಣದ ಹವಳದಲ್ಲಿ ಯಾರೆಲ್ಲ ವಾಸಿಸುತ್ತಾರೆ?

ಪ್ರಶ್ನೆ: ಹವಳ ಬದುಕಲು ಬಿಸಿಲು ಬೇಕೆಂದು ಶಾಲೆಯಲ್ಲಿ ಓದಿದ್ದೆ. ಕತ್ತಲೆಯ ಕಡಲಾಳದಲ್ಲೂ ಹವಳವಿದೆ, ಅಲ್ಲಿ ಮೀನು, ಏಡಿಗಳು ತುಂಬಿರುತ್ತವೆ ಎಂದು ಈಚೆಗೆ ತಿಳಿಯಿತು. ಅವು ಅಲ್ಲಿಗೇ ಏಕೆ ಬರುತ್ತವೆ? ಆಗುಂಬೆಯ ಮರಗಳಲ್ಲಿ ಸೀತಾಳೆ, ಹಾವಸೆ, ಕಪ್ಪೆಗಳು ಆಸರೆ ಪಡೆದಂತೆಯೇ ಇದು?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮ್ಮ ಹೋಲಿಕೆ ಒಪ್ಪುವಂಥದ್ದೇ. ಆದರೆ ಇಲ್ಲಿ ಮರದ ಜಾಗದಲ್ಲಿರುವುದೂ ಒಂದು ಪ್ರಾಣಿ.

ನೀವು ಓದಿದ್ದು ನೇತ್ರಾಣಿ ದ್ವೀಪದ ಸುತ್ತ ಇರುವಂಥ, ಆಳವಿಲ್ಲದ ನೀರಿನ ಹವಳದ ಬಗ್ಗೆ. ಅದರ ಮೈಯೊಳಗಿನ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಕೊಡುತ್ತದೆ. ಆಳದ ಹವಳಕ್ಕೆ ಆ ಪಾಚಿಯಿಲ್ಲ. ನೀರು ಹೊತ್ತು ತರುವ ಸೂಕ್ಷ್ಮಜೀವಿಗಳನ್ನೂ ಮೇಲಿನಿಂದ ಉದುರುವ ಜೀವಿಗಳ ಅವಶೇಷಗಳನ್ನೂ ಅದು ಹಿಡಿದು ತಿನ್ನುತ್ತದೆ. ಹೀಗಾಗಿ ಹರಿವು ಜೋರಾಗಿರುವಲ್ಲೇ ಬೆಳೆಯುತ್ತದೆ. ಅದೇ ಹರಿವು ನೆರೆಹೊರೆಯ ಜೀವಿಗಳಿಗೂ ಊಟ ತರುತ್ತದೆ.

ಕಡಲತಳದ ಬಹುಭಾಗ ಬರೀ ಕೆಸರು. ಅಂಟಿಕೊಳ್ಳಲು, ಅಡಗಲು ಗಟ್ಟಿಯಾದದ್ದು ಸಿಗುವುದೇ ಅಪರೂಪ. ಲೋಫೀಲಿಯಾ ಎಂಬ ಹವಳವನ್ನು ನೋಡಿ. ಅದರ ಜೀವಂತ ಭಾಗವಿರುವುದು ರೆಂಬೆಗಳ ತುದಿಯ ಕಡೆಗೆ. ಕೆಳಗಿನದೆಲ್ಲ ಸತ್ತ ಸುಣ್ಣದ ಹಂದರ. ಆ ಸತ್ತ ಭಾಗವನ್ನು ನಿರ್ಲಕ್ಷಿಸಬಾರದು. ಸ್ಪಂಜು, ಹುಳು, ಚಿಪ್ಪಿನ ಜೀವಿಗಳು ಹೆಚ್ಚು ಬಗೆಯಲ್ಲಿ ಸಿಗುವುದು ಅಲ್ಲೇ. ಯೂನಿಸ್ ಎಂಬ ಹುಳುವಂತೂ ರೆಂಬೆಗಳ ನಡುವೆ ತೆಳುವಾದ ಕೊಳವೆಯೊಂದನ್ನು ಕಟ್ಟಿಕೊಳ್ಳುತ್ತದೆ. ಹವಳ ಅದರ ಮೇಲೆ ತನ್ನ ಸುಣ್ಣವನ್ನು ಹೊದಿಸುತ್ತದೆ. ಹುಳುವಿಗೆ ಭದ್ರವಾದ ಮನೆಯಾಯಿತು, ರೆಂಬೆಗಳು ಬೆಸೆದುಕೊಂಡು ಹವಳಕ್ಕೂ ಬಲ ಬಂತು. ನನಗೆ ಇದಕ್ಕಿಂತ ಅಚ್ಚುಮೆಚ್ಚಿನ ಸಹವಾಸ ಕಡಲಲ್ಲಿ ಇನ್ನೊಂದಿಲ್ಲ.

ಮೊಟ್ಟೆಯಿಡಲು ಬರುವವರೂ ಇದ್ದಾರೆ. ಕೆಲವು ಸಣ್ಣ ಶಾರ್ಕ್‌ಗಳ ಮೊಟ್ಟೆಚೀಲದ ಮೂಲೆಗಳಲ್ಲಿ ಸುರುಳಿ ಎಳೆಗಳಿರುತ್ತವೆ. ಅವು ಹವಳದ ರೆಂಬೆಗೆ ಸುತ್ತಿಕೊಳ್ಳುತ್ತವೆ. ಮರಿ ಹೊರಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟು ಕಾಲ ಚೀಲ ಕೆಸರಿನಲ್ಲಿ ಹೂತುಹೋಗದೆ, ಆಮ್ಲಜನಕವಿರುವ ನೀರು ಆಡುವಲ್ಲಿ ಉಳಿಯುತ್ತದೆ. ಡಂಬೊ ಆಕ್ಟೋಪಸ್ ಕೂಡ ಹವಳದ ಮೇಲೆ ಮೊಟ್ಟೆ ಅಂಟಿಸುತ್ತದೆ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಲೋಫೀಲಿಯಾ ಸಾಮಾನ್ಯವಾಗಿ ವರ್ಷಕ್ಕೆ ಹೆಚ್ಚೆಂದರೆ ಎರಡೂವರೆ ಸೆಂಟಿಮೀಟರ್‌ನಷ್ಟು ಬೆಳೆಯುತ್ತದೆ. ನಾರ್ವೆಯಲ್ಲಿ 2002ರಲ್ಲಿ ಪತ್ತೆಯಾದ ರೋಸ್ಟ್ ಎಂಬ ಹವಳದ ದಿಬ್ಬ ಸುಮಾರು 35 ಕಿಲೋಮೀಟರ್ ಉದ್ದವಿದೆ. ಅಂಥದ್ದು ಬೆಳೆಯಲು ಸಾವಿರಾರು ವರ್ಷ ಬೇಕು. ತಳ ಗೋರುವ ಟ್ರಾಲ್ ಬಲೆ ಒಂದೇ ಸಲ ಹಾದುಹೋದರೂ ಹವಳ ಪುಡಿಯಾಗುತ್ತದೆ, ಒಕ್ಕಲುಗಳೆಲ್ಲ ದಿಕ್ಕಾಪಾಲಾಗುತ್ತವೆ. ನಾರ್ವೆ 1999ರಲ್ಲೇ ಸೂಲಾ ದಿಬ್ಬದ ಮೇಲೆ ಇಂಥ ಬಲೆಯನ್ನು ನಿಷೇಧಿಸಿತು. ಯುರೋಪಿಯನ್ ಒಕ್ಕೂಟ 2016ರಲ್ಲಿ 800 ಮೀಟರಿಗಿಂತ ಆಳದಲ್ಲಿ ತಳದ ಟ್ರಾಲ್ ಮೀನುಗಾರಿಕೆಯನ್ನೇ ತಡೆಯಿತು. ದಿಬ್ಬಗಳು ಎಲ್ಲಿವೆ ಎಂದು ಗುರುತಿಸಿ, ಬಲೆಯನ್ನು ದೂರವಿಡುವ ಈ ದಾರಿಯನ್ನು ಉಳಿದ ಕಡಲುಗಳಲ್ಲೂ ತಡಮಾಡದೆ ಹಿಡಿಯಬೇಕು.