ಮಗನ ಒಂದು ಬೀಜ ಇಳಿದಿಲ್ಲ, ಕಾಯಬಹುದಾ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ ಎರಡೂವರೆ ವರ್ಷ. ಬಲಗಡೆ ಬೀಜ ಚೀಲದಲ್ಲಿ ಇಲ್ಲ. ಹುಟ್ಟಿದಾಗಲೇ ನರ್ಸ್ ಹೇಳಿದ್ದರು. ‘ದೊಡ್ಡವನಾಗ್ತಾ ತಾನೇ ಇಳಿಯುತ್ತೆ, ಇಷ್ಟು ಚಿಕ್ಕ ಮಗೂಗೆ ಆಪರೇಷನ್ ಯಾಕೆ’ ಅಂತ ಅತ್ತೆ ಅಂತಾರೆ. ಸ್ಕೂಲಿಗೆ ಸೇರಿಸಿದ ಮೇಲೆ ನೋಡೋಣ ಅಂತ ಯಜಮಾನರು. ಮುಂದೆ ಅವನಿಗೆ ಮಕ್ಕಳಾಗಲು ತೊಂದರೆಯಾಗುತ್ತಾ?
– ಹೆಸರು ಬೇಡ, ಹಾವೇರಿ

ಉತ್ತರ: ಇನ್ನು ಕಾಯಬೇಡಿ ಅಮ್ಮ, ಈ ವಾರವೇ ಮಕ್ಕಳ ಸರ್ಜನ್‌ಗೆ ತೋರಿಸಿ.

ಅತ್ತೆಯವರ ಮಾತು ಪೂರ್ತಿ ತಪ್ಪಲ್ಲ. ಬೀಜಗಳು ಮೊದಲು ಮಗುವಿನ ಹೊಟ್ಟೆಯೊಳಗೆ ಬೆಳೆದು, ಬಸಿರಿನ ಕೊನೆಯ ತಿಂಗಳುಗಳಲ್ಲಿ ತೊಡೆಸಂದಿನ ದಾರಿಯಾಗಿ ಚೀಲಕ್ಕೆ ಇಳಿಯುತ್ತವೆ. ದಿನ ತುಂಬಿ ಹುಟ್ಟಿದ ಗಂಡುಮಕ್ಕಳಲ್ಲೂ 100ಕ್ಕೆ ಸುಮಾರು 3 ಮಕ್ಕಳಿಗೆ ಬೀಜ ಇಳಿದಿರುವುದಿಲ್ಲ, ದಿನ ತುಂಬದ ಮಕ್ಕಳಲ್ಲಿ ಇನ್ನೂ ಜಾಸ್ತಿ. ಎಷ್ಟೋ ಮಕ್ಕಳಿಗೆ ಮೊದಲ ಕೆಲವು ತಿಂಗಳಲ್ಲೇ ತಾನಾಗಿ ಇಳಿಯುತ್ತದೆ. ಆದರೆ 6 ತಿಂಗಳು ದಾಟಿದ ಮೇಲೆ ಆ ಆಸೆ ಇಟ್ಟುಕೊಳ್ಳಬಾರದು. ಆಪರೇಷನ್‌ಗೆ ಒಳ್ಳೆಯ ವಯಸ್ಸು 6ರಿಂದ 18 ತಿಂಗಳು. ನಿಮ್ಮ ಮಗ ಅದನ್ನು ದಾಟಿದ್ದಾನೆ, ಗಾಬರಿ ಬೇಡ, ಆದರೆ ಸ್ಕೂಲಿನವರೆಗೆ ತಳ್ಳಬೇಡಿ.

ಚೀಲ ಮೈಗಿಂತ 2ರಿಂದ 4 ಡಿಗ್ರಿ ತಂಪಾಗಿರುತ್ತದೆ. ಬೀಜಕ್ಕೆ ಬೇಕಾದ್ದೂ ಆ ತಂಪೇ. ಒಳಗಿನ ಶಾಖದಲ್ಲೇ ಉಳಿದರೆ ಮುಂದೆ ವೀರ್ಯಾಣು ತಯಾರಿಸಬೇಕಾದ ಕಣಗಳು ಚಿಕ್ಕ ವಯಸ್ಸಲ್ಲೇ ಸೊರಗುತ್ತವೆ. ಒಂದೇ ಕಡೆ ತೊಂದರೆ ಇದ್ದವರಲ್ಲಿ ಬಹಳಷ್ಟು ಜನಕ್ಕೆ ಮಕ್ಕಳಾಗುತ್ತವೆ. ಎರಡೂ ಕಡೆ ಆಗಿದ್ದರೆ ಚಿಂತೆ ಜಾಸ್ತಿ. ಬೀಜದ ಕ್ಯಾನ್ಸರ್ ಅಪರೂಪದ್ದೇ, ಆದರೂ ಇಂಥವರಲ್ಲಿ ಅದರ ಅಪಾಯ ಉಳಿದವರಿಗಿಂತ ಹೆಚ್ಚು, ಪ್ರಾಯಕ್ಕೆ ಬರುವ ಮೊದಲೇ ಆಪರೇಷನ್ ಆದರೆ ಅಷ್ಟು ಕಡಿಮೆ. ಹರ್ನಿಯಾ (ಕರುಳು ತೊಡೆಸಂದಿಗೆ ಜಾರುವುದು) ಕೂಡ ಜೊತೆಗಿರಬಹುದು.

ಡಾಕ್ಟರ ಹತ್ತಿರ ಹೋಗುವ ಮೊದಲು ಒಂದು ಕೆಲಸ ಮಾಡಿ. ಬಿಸಿನೀರಿನ ಸ್ನಾನ ಮಾಡಿಸುವಾಗ ಮಗನನ್ನು ಕುಕ್ಕರಗಾಲಲ್ಲಿ ಕೂರಿಸಿ, ಅವನು ಆಟದಲ್ಲಿ ಮೈಮರೆತಿರುವಾಗ ಸುಮ್ನೆ ಗಮನಿಸಿ. ಕೆಲವು ಮಕ್ಕಳಿಗೆ ಚಳಿಗೋ ಹೆದರಿಕೆಗೋ ಬೀಜ ಮೇಲಕ್ಕೆ ಸರಿದು, ಬೆಚ್ಚಗಾದಾಗ ಕೆಳಗೆ ಬರುತ್ತದೆ. ಅಂಥದ್ದಕ್ಕೆ ಆಪರೇಷನ್ ಬೇಕಾಗುವುದಿಲ್ಲ, ಆದರೆ ವರ್ಷಕ್ಕೊಮ್ಮೆ ತೋರಿಸಲೇಬೇಕು, ಯಾಕಂದ್ರೆ ಕೆಲವರಲ್ಲಿ ಆಮೇಲೆ ಮೇಲೇ ಉಳಿದುಬಿಡುತ್ತದೆ. ಎಣ್ಣೆ ಹಚ್ಚಿ ನೀವಿ ಇಳಿಸಲು ಮಾತ್ರ ಹೋಗಬೇಡಿ.

ಆಪರೇಷನ್ ದೊಡ್ಡದಲ್ಲ. ಅರಿವಳಿಕೆ ಕೊಟ್ಟು ತೊಡೆಸಂದಿಯಲ್ಲಿ ಸಣ್ಣದಾಗಿ ಕೊಯ್ದು, ಬೀಜವನ್ನು ಇಳಿಸಿ ಚೀಲದಲ್ಲಿ ಕೂರಿಸುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಮುಟ್ಟಿ ನೋಡಿದಾಗ ಬೀಜ ಕೈಗೆ ಸಿಗದಿದ್ದರೆ ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ, ಹೊಟ್ಟೆಯೊಳಗೆ ಹುಡುಕುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ಕಾಣಲಿಲ್ಲ ಅಂತ ಬೀಜವೇ ಇಲ್ಲ ಅಂದುಕೊಳ್ಳಬೇಡಿ.

ಅಲ್ಲಿಯವರೆಗೆ ಒಂದು ಎಚ್ಚರ. ಮಗ ಇದ್ದಕ್ಕಿದ್ದಂತೆ ಜೋರಾಗಿ ಅತ್ತು, ತೊಡೆಸಂದಿ ಊದಿ ಮುಟ್ಟಲು ಬಿಡದಿದ್ದರೆ, ವಾಂತಿಯೂ ಆದರೆ, ಬೀಜ ತಿರುಚಿಕೊಂಡಿರಬಹುದು ಅಥವಾ ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡಿರಬಹುದು. ತಿರುಚಿದ ಬೀಜ ಉಳಿಯಬೇಕಾದರೆ ಸುಮಾರು 6 ಗಂಟೆಯೊಳಗೆ ಬಿಡಿಸಬೇಕು. ನಡುರಾತ್ರಿಯಾದರೂ ಸರಿ, ಬೆಳಗಾಗಲಿ ಅನ್ನದೆ ಆಸ್ಪತ್ರೆಗೆ ಹೊರಡಿ.