ಪಾಯದ ಪ್ರಶ್ನೆ: ಅರ್ಧ ಅಡಿ ಪೈಲು ಮನೆ ಹೊರುತ್ತಾ?

ಹೋದ ಸಂಚಿಕೆಯಲ್ಲಿ ಮೈಕ್ರೋಪೈಲ್ ಬಗ್ಗೆ, ಅಂದರೆ ನೆಲದಲ್ಲಿ ಸಣ್ಣ ತೂತು ಕೊರೆದು, ಕಂಬಿ ಇಳಿಸಿ, ಸಿಮೆಂಟು ತುಂಬಿ ಮಾಡುವ ತೆಳ್ಳನೆಯ ಪಾಯದ ಕಂಬದ ಬಗ್ಗೆ, ಒಂದೇ ಒಂದು ಸಾಲು ಬರೆದಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರ ಬಗ್ಗೆಯೇ ಇವೆ. ಹಾಗಾಗಿ ಸೋರುವ ಟೆರೇಸು, ಗೋಡೆಗೆ ಬರುವ ಉಪ್ಪಿನ ಬಗ್ಗೆ ಕೇಳಿದವರು ಈ ಸಲ ಸ್ವಲ್ಪ ಕಾಯಬೇಕು. ಪೂರ್ತಿ ಪೈಲಿನ ಕಥೆ.

ಪ್ರಶ್ನೆ: ಮೇಡಂ, ನಮ್ಮ ಸೈಟು ಮೊದಲು ಹೊಂಡವಾಗಿತ್ತಂತೆ. ಯಾರೋ ಮಣ್ಣು, ಇಟ್ಟಿಗೆ ಚೂರು ತುಂಬಿ ಮಟ್ಟ ಮಾಡಿದ್ದಾರೆ. ಮಣ್ಣು ಪರೀಕ್ಷೆ ಮಾಡಿಸಿದಾಗ ಐದು ಮೀಟರ್‌ವರೆಗೂ ತುಂಬಿದ ಮಣ್ಣು, ಅದರ ಕೆಳಗೆ ಗಟ್ಟಿ ಜೇಡಿ ಎಂದು ಬಂದಿದೆ. ಎರಡೂ ಪಕ್ಕ ಮನೆಗಳಿವೆ, ದೊಡ್ಡ ಮಿಷನ್ ಒಳಗೆ ಬರುವುದಿಲ್ಲ. ಎಂಜಿನಿಯರ್ 150 ಮಿ.ಮೀ. ವ್ಯಾಸದ ಮೈಕ್ರೋಪೈಲ್ ಹಾಕೋಣ ಎನ್ನುತ್ತಾರೆ. ಅರ್ಧ ಅಡಿಯ ಕಡ್ಡಿ ಎರಡು ಮಹಡಿ ಮನೆ ಹೊರುತ್ತಾ?
— ರಾತ್ರಿ ನಿದ್ದೆ ಬಾರದ ಓದುಗರು

ಉತ್ತರ: ಹೊರುತ್ತೆ. ನಿದ್ದೆ ಮಾಡಿ. ಆದರೆ ಪೈಲ್ ಹಾಕುವ ದಿನ ಎದ್ದು ಸೈಟಿಗೆ ಹೋಗಿ.

ನಿಮ್ಮ ಅನುಮಾನ ಹುಟ್ಟೋದು ಎಲ್ಲಿಂದ ಅಂದರೆ, ಪೈಲು ಮೇಜಿನ ಕಾಲಿನ ಹಾಗೆ ತುದಿಯ ಮೇಲೆ ನಿಂತಿರುತ್ತೆ ಎಂದು ನೀವು ಅಂದುಕೊಂಡಿದ್ದೀರಿ. ಮೈಕ್ರೋಪೈಲ್ ತುದಿಯಿಂದ ಹೊರುವುದು ಬಹಳ ಕಡಿಮೆ. ಅದು ಹೊರುವುದು ಮೈಯಿಂದ. ಗರಿಕೆ ಕಿತ್ತು ನೋಡಿ. ದಾರದಷ್ಟು ಸಣ್ಣ ಬೇರು, ಆದರೂ ಬರುವುದಿಲ್ಲ ಅಲ್ವಾ? ಉದ್ದಕ್ಕೂ ಮಣ್ಣನ್ನು ಹಿಡಿದುಕೊಂಡಿರುತ್ತೆ. 1952ರಲ್ಲಿ ಇಟಲಿಯ ಫೆರ್ನಾಂಡೊ ಲಿಜ್ಜಿ ಎಂಬ ಎಂಜಿನಿಯರ್ ಇದಕ್ಕೆ ಪೇಟೆಂಟ್ ತೆಗೆದುಕೊಂಡರು. ಅವರು ಇಟ್ಟ ಹೆಸರೂ 'ಪಾಲಿ ರಾಡಿಚೆ', ಅಂದರೆ ಬೇರಿನ ಪೈಲು.

ಒಂದು ಲೆಕ್ಕ ಹಾಕೋಣ. ಇದು ನಿಮ್ಮ ಮನೆಯ ಲೆಕ್ಕವಲ್ಲ, ವಿಷಯ ತಿಳಿಯಲಿ ಅಂತ. 150 ಮಿ.ಮೀ. ಪೈಲು ಗಟ್ಟಿ ಜೇಡಿಯೊಳಗೆ 6 ಮೀಟರ್ ಇಳಿದಿದೆ ಎನ್ನಿ. ಅದರ ಮೈಯ ವಿಸ್ತೀರ್ಣ ಸುಮಾರು 2.8 ಚದರ ಮೀಟರ್. ಚದರ ಮೀಟರಿಗೆ 8 ಟನ್ ಹಿಡಿತ ಸಿಕ್ಕರೆ ಒಟ್ಟು 22 ಟನ್ ಚಿಲ್ಲರೆ. ಅದೇ ಪೈಲಿನ ತುದಿ ಎಷ್ಟು ಕೊಡುತ್ತೆ? ಒಂದೂವರೆ ಟನ್ ಚಿಲ್ಲರೆ, ಅಷ್ಟೇ. ಸುರಕ್ಷತೆಗೆ ಎರಡೂವರೆಯಿಂದ ಭಾಗಿಸಿದರೆ ಒಂದು ಪೈಲಿಗೆ ಒಂಬತ್ತು ಟನ್ ಹೊರಿಸಬಹುದು. ಮೂವತ್ತು ಟನ್ ಇಳಿಯುವ ಕಂಬದಡಿ ನಾಲ್ಕು ಪೈಲು, ಮೇಲೆ ನಾಲ್ಕನ್ನೂ ಒಟ್ಟಿಗೆ ಕಟ್ಟುವ ಕಾಂಕ್ರೀಟಿನ ಕ್ಯಾಪು.

ದಪ್ಪ ಮಾಡಿದರೆ ಒಳ್ಳೆಯದಲ್ವಾ ಅಂತ ಕೇಳುತ್ತೀರಿ, ಗೊತ್ತು. ವ್ಯಾಸ ಎರಡು ಪಟ್ಟಾದರೆ ಮೈಯೂ ಎರಡೇ ಪಟ್ಟು. ಆದರೆ ತೆಗೆಯುವ ಮಣ್ಣು ನಾಲ್ಕು ಪಟ್ಟು, ತುಂಬುವ ಸಿಮೆಂಟು ನಾಲ್ಕು ಪಟ್ಟು, ಮಿಷನ್ನೂ ದೊಡ್ಡದಾಗಬೇಕು. ನಿಮ್ಮ ಓಣಿಯಲ್ಲಿ ಅದು ನುಗ್ಗಲ್ಲ ಎಂದು ನೀವೇ ಬರೆದಿದ್ದೀರಿ. ಸಣ್ಣ ತೂತನ್ನು ಉದ್ದ ಕೊರೆಯುವುದೇ ಇಲ್ಲಿ ಜಾಣತನ. ಬಡಿದು ಇಳಿಸುವ ಪೈಲಿನ ಹಾಗೆ ಪಕ್ಕದ ಗೋಡೆಗಳನ್ನು ಅದುರಿಸುವುದೂ ಇಲ್ಲ.

ಇನ್ನು ಆ ಐದು ಮೀಟರ್ ತುಂಬಿದ ಮಣ್ಣು. ಅದರ ಹಿಡಿತವನ್ನು ಲೆಕ್ಕಕ್ಕೆ ಸೇರಿಸಿದ್ದಾರಾ ಎಂದು ಎಂಜಿನಿಯರನ್ನು ಕೇಳಿ. ಸೇರಿಸಿರಬಾರದು. ತುಂಬಿದ ಮಣ್ಣು ವರ್ಷಗಟ್ಟಲೆ ಕೂರುತ್ತಾ ಹೋಗುತ್ತೆ. ಕೂರುವಾಗ ಪೈಲನ್ನೂ ಜೊತೆಗೆ ಕೆಳಕ್ಕೆ ಎಳೆಯುತ್ತೆ. ಅಂದರೆ ಆ ಮಣ್ಣು ನಿಮ್ಮ ಮನೆಗೆ ಆಸರೆಯಲ್ಲ, ಹೆಚ್ಚಿನ ಭಾರ. ಅಷ್ಟು ಉದ್ದಕ್ಕೂ ಕೇಸಿಂಗ್ ಪೈಪನ್ನು, ಅಂದರೆ ತೂತು ಕುಸಿಯದಂತೆ ಇಳಿಸುವ ಕೊಳವೆಯನ್ನು, ಮೇಲೆತ್ತದೆ ಹಾಗೇ ಉಳಿಸುವುದು ಒಳ್ಳೆಯದು. ಮೇಲಿನ ಸಡಿಲ ಮಣ್ಣಿನಲ್ಲಿ ತೆಳ್ಳನೆಯ ಪೈಲು ಬಾಗದಂತೆಯೂ ಅದು ಕಾಯುತ್ತೆ.

ಪ್ರಶ್ನೆ: ಪೈಲ್ ಹಾಕುವಾಗ ಸೈಟಿನಲ್ಲಿ ನಿಂತು ನೋಡಿ ಎನ್ನುತ್ತೀರಿ. ಎಲ್ಲಾ ನೆಲದೊಳಗೆ ಆಗುವ ಕೆಲಸ. ಏನಂತ ನೋಡೋದು?

ಉತ್ತರ: ಸಿಮೆಂಟ್ ಮೂಟೆ ಎಣಿಸಿ. ತಮಾಷೆಯಲ್ಲ.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ. 150 ಮಿ.ಮೀ. ತೂತು, 12 ಮೀಟರ್ ಆಳ, ನಡುವೆ 32 ಮಿ.ಮೀ. ಕಂಬಿ. ಮೂರು ಮೂಟೆಗೇ ಗ್ರೌಟು, ಅಂದರೆ ಸಿಮೆಂಟು-ನೀರಿನ ಗಂಜಿ, ತೂತಿನ ಬಾಯಿಗೆ ಬಂತು. ಮೇಸ್ತ್ರಿಗೆ ಖುಷಿ. "ಎರಡು ಮೂಟೆ ಉಳೀತು ಮೇಡಂ" ಎಂದ. ನನಗೂ ಖುಷಿಯೇ. ಪುಸ್ತಕದಲ್ಲಿ 'ಮೂರು ಮೂಟೆ' ಎಂದು ದುಂಡಗೆ ಬರೆದು ಸಹಿಯನ್ನೂ ಹಾಕಿದೆ.

ಆ ಲೆಕ್ಕ ನಾನು ಅಲ್ಲೇ ನಿಂತು ಮಾಡಬೇಕಿತ್ತು. ಆ ತೂತಿಗೆ, ಕಂಬಿ ಕಳೆದು, ಹಿಡಿಸುವುದು ಸುಮಾರು 200 ಲೀಟರ್. 50 ಕಿಲೋ ಮೂಟೆಗೆ ಇಪ್ಪತ್ತೆರಡೂವರೆ ಲೀಟರ್ ನೀರು ಹಾಕಿ ಕಲಸಿದರೆ ಸಿಗುವುದು 38 ಲೀಟರ್ ಗ್ರೌಟು. ಅಂದರೆ ಕಡಿಮೆಯೆಂದರೂ ಐದೂಕಾಲು ಮೂಟೆ ಹೋಗಬೇಕು. ನೆಲದ ಸಂದಿಗೊಂದಿಗೆ ಸೇರುವುದೂ ಇರುತ್ತೆ, ಹಾಗಾಗಿ ಜಾಸ್ತಿಯೇ ಹೋಗಬೇಕು. ಮೂರಕ್ಕೇ ತುಂಬಿತು ಎಂದರೆ ತೂತಿನೊಳಗೆ ಏನೋ ಬಿದ್ದಿದೆ ಎಂದೇ ಅರ್ಥ.

ಆಗಿದ್ದೂ ಅದೇ. ಕೇಸಿಂಗ್ ಎತ್ತುವಾಗ ಅಡಿಯಲ್ಲಿ ಮಣ್ಣು ಕುಸಿದಿತ್ತು. ಗ್ರೌಟಿನ ಪೈಪು ತಳ ಮುಟ್ಟದೆ ಅರ್ಧದಲ್ಲೇ ನಿಂತಿತ್ತು. ನಾವು ಅದನ್ನೇ ತಳ ಅಂದುಕೊಂಡು ಪಂಪ್ ಚಾಲೂ ಮಾಡಿದ್ದೆವು. ತಿಂಗಳಾದ ಮೇಲೆ ಜ್ಯಾಕ್ ಇಟ್ಟು ಭಾರದ ಪರೀಕ್ಷೆ ಮಾಡಿದರೆ, ಹೊರಬೇಕಾದ ಭಾರದ ಅರ್ಧಕ್ಕೂ ಬರಲಿಲ್ಲ, ಪೈಲು ಎಷ್ಟು ಇಳಿಯಿತೆಂದು ತೋರಿಸುವ ಗಡಿಯಾರದಂಥ ಡಯಲ್‌ನ ಮುಳ್ಳು ಸುತ್ತತೊಡಗಿತು. ನಿಲ್ಲಲೇ ಇಲ್ಲ. ಆ ಮುಳ್ಳು ತಿರುಗುತ್ತಿದ್ದುದು ಈಗಲೂ ಕಣ್ಣ ಮುಂದಿದೆ. ಉಳಿಸಿದ ಎರಡು ಮೂಟೆಗೆ ಪಕ್ಕದಲ್ಲಿ ಇನ್ನೆರಡು ಪೈಲು ಕೊರೆಯಬೇಕಾಯಿತು.

ಇದರ ತಿರುವುಮುರುವೂ ಉಂಟು. ಹತ್ತು, ಹನ್ನೆರಡು ಮೂಟೆ ನುಂಗಿದರೂ ಬಾಯಿಗೆ ಬರುತ್ತಿಲ್ಲ ಎಂದರೆ ಕೆಳಗೆ ಪೊಳ್ಳಿದೆ, ಇಲ್ಲವೇ ಹಳೇ ಚರಂಡಿ ಪೈಪಿಗೆ ಗ್ರೌಟು ನುಗ್ಗುತ್ತಿದೆ. ಸುಮ್ನೆ ಸುರಿಯುತ್ತಾ ಹೋಗಬೇಡಿ. ನಿಲ್ಲಿಸಿ, ಗಟ್ಟಿಯಾಗಲು ಬಿಟ್ಟು, ಮತ್ತೆ ಕೊರೆದು ತುಂಬಿಸಿ.

ಮೂಟೆ ಬಿಟ್ಟರೆ ನೀರು ನೋಡಿ. ಪೈಪ್ ಹಿಡಿದು ಅಂದಾಜಿಗೆ ನೀರು ಬಿಡುವವರನ್ನು ಕಂಡರೆ ನನಗೆ ಮೈ ಉರಿಯುತ್ತೆ. ಅಳತೆಯ ಬಕೆಟ್ ಇರಲಿ. ತೆಳ್ಳಗೆ ಮಾಡಿದರೆ ಪಂಪು ಸಲೀಸಾಗಿ ಎಳೆಯುತ್ತೆ ನಿಜ. ಆಮೇಲೆ ನೀರು ಮೇಲೆ ನಿಂತು ಸಿಮೆಂಟು ಕೆಳಗೆ ಕೂರುತ್ತೆ, ಪೈಲಿನ ತಲೆಯೇ ಟೊಳ್ಳು. ಸರಿಯಾಗಿ ಕಲಸಿದ ಗ್ರೌಟು ಲೀಟರಿಗೆ ಸುಮಾರು 1.9 ಕಿಲೋ ತೂಗುತ್ತೆ. ಒಂದು ಲೀಟರಿನ ಅಳತೆ ಪಾತ್ರೆ, ಒಂದು ತಕ್ಕಡಿ ಇದ್ದರೆ ಯಾರು ಬೇಕಾದರೂ ಪರೀಕ್ಷಿಸಬಹುದು.

ಪೈಪು ತಳ ಮುಟ್ಟಿರಬೇಕು. ಗ್ರೌಟು ಕೆಳಗಿನಿಂದ ಮೇಲಕ್ಕೆ ಏರಬೇಕು. ಮೊದಲು ಕೊಳಕು ನೀರು ಬರುತ್ತೆ, ಆಮೇಲೆ ಮಣ್ಣು ಬೆರೆತ ಗ್ರೌಟು. ತೊಟ್ಟಿಯಲ್ಲಿರುವಂಥದ್ದೇ ದಪ್ಪ, ಅದೇ ಬಣ್ಣ ತೂತಿನ ಬಾಯಲ್ಲಿ ಕಾಣುವವರೆಗೂ ಪಂಪು ನಿಲ್ಲಿಸಲು ಬಿಡಬೇಡಿ.

ಪ್ರಶ್ನೆ: ಹಳೇ ಮನೆ. ಒಂದು ಮೂಲೆ ಕೂರುತ್ತಿದೆ, ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದೆ. ಮನೆ ಕೆಡವದೆ, ಒಳಗಿನಿಂದಲೇ ಮೈಕ್ರೋಪೈಲ್ ಹಾಕಬಹುದಂತೆ. ನಿಜವಾ?
— ತಂದೆ ಕಟ್ಟಿಸಿದ ಮನೆಯನ್ನು ಬಿಡಲಾಗದವರು

ಉತ್ತರ: ನಿಜ. ಈ ವಿದ್ಯೆ ಹುಟ್ಟಿದ್ದೇ ಇಂಥ ಕೆಲಸಕ್ಕೆ. ಎರಡನೇ ಮಹಾಯುದ್ಧದಲ್ಲಿ ಜಖಂ ಆಗಿದ್ದ ಇಟಲಿಯ ಹಳೇ ಕಟ್ಟಡಗಳ ಪಾಯಕ್ಕೆ, ಕಟ್ಟಡ ಅಲುಗಿಸದೆ ಬಲ ಕೊಡಬೇಕಿತ್ತು. ಬಾಗಿಲಲ್ಲಿ ತೂರುವ, ಮೂರು ಮೀಟರ್ ಸೂರಿನಡಿ ನಿಲ್ಲುವ ಮಿಷನ್‌ಗಳಿವೆ. ಒಂದೊಂದು ಮೀಟರಿನ ಪೈಪುಗಳನ್ನು ತಿರುಪಿ ಜೋಡಿಸುತ್ತಾ, ಹಳೇ ಪಾಯದ ಮೂಲಕವೇ ಕೊರೆದು ಕೆಳಗಿಳಿಯುತ್ತಾರೆ.

ಆದರೆ ಮೊದಲು ಮೂಲೆ ಕೂರುತ್ತಿರುವುದೇಕೆ ಎಂದು ಹುಡುಕಿ. ಆ ಮೂಲೆಯ ಹತ್ತಿರ ಬಚ್ಚಲಿನ ಪೈಪು, ಮಳೆನೀರಿನ ಕೊಳವೆ ಏನಾದರೂ ಒಡೆದಿದೆಯಾ? ಹಾಗೆ ನೀರು ಕುಡಿದ ಮಣ್ಣು ಮೆತ್ತಗಾಗಿ ಕೂರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಬಿರುಕಿನ ಎರಡೂ ಬದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ತಿಂಗಳಿಗೊಮ್ಮೆ ಅಳೆಯಿರಿ. ಪೈಪು ರಿಪೇರಿಯಾದ ಮೇಲೆ ಬಿರುಕು ಬೆಳೆಯುವುದು ನಿಂತರೆ ಪೈಲೂ ಬೇಡ, ನಾನೂ ಬೇಡ.

ನಿಲ್ಲದಿದ್ದರೆ ಪೈಲು ಸರಿ. ಒಂದು ಮಾತು ಮಾತ್ರ ನೆನಪಿರಲಿ. ಪೈಲು ಹಾಕಿದ ಮಾತ್ರಕ್ಕೆ ಕೂತ ಮೂಲೆ ಮೇಲೇಳುವುದಿಲ್ಲ. ಮನೆ ಇನ್ನೊಂಚೂರು ಕೂತಾಗಲೇ ಭಾರ ಪೈಲಿನ ಮೇಲೆ ಬೀಳುವುದು. ಅಷ್ಟೂ ಬೇಡವೆಂದರೆ ಜ್ಯಾಕ್ ಕೊಟ್ಟು ಮೊದಲೇ ಭಾರ ಹೊರಿಸಿ, ಆಮೇಲೆ ಪಾಯಕ್ಕೆ ಬಿಗಿಯಬೇಕು. ಇನ್ನೊಂದು: ಕಲ್ಲು ಕಟ್ಟಡದ ಹಳೇ ಪಾಯದಲ್ಲಿ ಗಾರೆಯೇ ಉಳಿದಿರುವುದಿಲ್ಲ. ಅದಕ್ಕೆ ಮೊದಲು ಗ್ರೌಟು ಕುಡಿಸಿ ಗಟ್ಟಿ ಮಾಡಿಸಿ. ಇಲ್ಲದಿದ್ದರೆ ಪೈಲು ನಿಂತಲ್ಲೇ ನಿಲ್ಲುತ್ತೆ, ಪಾಯ ಅದರ ಸುತ್ತ ಜಾರಿಕೊಂಡು ಇಳಿಯುತ್ತೆ.

ಪ್ರಶ್ನೆ: ಎರೆಮಣ್ಣಿನ ಜಾಗ. ಮಳೆಯಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತೆ. ಮೈಕ್ರೋಪೈಲ್ ನಡೆಯುತ್ತಾ?

ಉತ್ತರ: ನಡೆಯುತ್ತೆ, ಆದರೆ ಇಲ್ಲಿ ಚಿಂತೆ ಕುಸಿಯುವುದರದ್ದಲ್ಲ, ಏಳುವುದರದ್ದು. ಉಬ್ಬುವ ಮಣ್ಣು ಪೈಲಿನ ಮೈ ಹಿಡಿದು ಮೇಲಕ್ಕೆ ಎಳೆಯುತ್ತೆ. ಆ ಮೇಲಿನ ಪದರದಲ್ಲಿ ಪೈಲಿನ ಸುತ್ತ ನುಣುಪಾದ ಕೊಳವೆ ತೊಡಿಸಿ, ಮಣ್ಣಿಗೆ ಹಿಡಿತ ಸಿಗದಂತೆ ಮಾಡಬೇಕು. ಪೈಲು ಉಬ್ಬದ ಪದರದೊಳಗೆ ಸಾಕಷ್ಟು ಇಳಿದಿರಬೇಕು, ಕಂಬಿ ತಲೆಯಿಂದ ತಳದವರೆಗೂ ಇರಬೇಕು. ಪಾಯದ ಬೀಮಿನ ಅಡಿ ನೆಲಕ್ಕೆ ತಾಗದಂತೆ ಸಂದಿ ಬಿಡಿಸಿ. ಈ ಸಂದಿಗೆ ಕಸ, ಮಣ್ಣು ತುಂಬಿ 'ಫಿನಿಶಿಂಗ್' ಮಾಡುವ ಪುಣ್ಯಾತ್ಮರಿದ್ದಾರೆ. ಅಲ್ಲಿಗೆ ಎಲ್ಲಾ ಖರ್ಚೂ ನೀರಲ್ಲಿ ಹೋಮ.

ಪ್ರಶ್ನೆ: ಇಳಿಜಾರಿನಲ್ಲಿ ಮನೆ. ನೆಟ್ಟಗೆ ಹಾಕಿದ ಮೈಕ್ರೋಪೈಲ್ ಮಣ್ಣು ಜಾರದಂತೆ ತಡೆಯುತ್ತಾ?

ಉತ್ತರ: ಒಂಟಿ ಪೈಲು ನೆಟ್ಟಗಿದ್ದರೆ ಅಡ್ಡ ಬಲಕ್ಕೆ ಬೆತ್ತದ ಹಾಗೆ ಬಾಗುತ್ತೆ. ಓರೆಯಾಗಿ, ಒಂದು ಆ ಕಡೆ ಒಂದು ಈ ಕಡೆ ಕಾಲು ಅಗಲಿಸಿ ನಿಂತಂತೆ ಹಾಕಿ, ತಲೆಗಳನ್ನು ಬೀಮಿಗೆ ಕಟ್ಟಿದರೆ ಬೇರೆ ಮಾತು. ಆಗ ಒಂದು ಒತ್ತುತ್ತೆ, ಇನ್ನೊಂದು ಎಳೆಯುತ್ತೆ. ಜಾರುವ ಪದರವನ್ನು ದಾಟಿ ಎಷ್ಟು ಆಳ ಹೋಗಬೇಕು ಎಂಬುದನ್ನು ಮಣ್ಣು ಪರೀಕ್ಷೆಯಿಲ್ಲದೆ ಯಾರೂ ಹೇಳಲಾರರು. ನಾನೂ ಹೇಳಲ್ಲ.

ಪ್ರಶ್ನೆ: ನಾನು ಹೊಸ ಎಂಜಿನಿಯರ್. ಮರಳು ಮಣ್ಣಲ್ಲಿ ತೂತು ಕುಸಿಯುತ್ತಿದೆ. ಮಿಷನ್‌ನವರು ಗಾಳಿ ಒತ್ತಡ ಜಾಸ್ತಿ ಕೊಟ್ಟು ಕೊರೆಯೋಣ ಎನ್ನುತ್ತಾರೆ. ಒಪ್ಪಲಾ?

ಉತ್ತರ: ಬೇಡಮ್ಮ. ಸಡಿಲ ಮರಳಿನಲ್ಲಿ ಗಾಳಿ ತೂತಿನೊಳಗೇ ಇರುವುದಿಲ್ಲ, ಪಕ್ಕದವರ ಪಾಯದಡಿಗೂ ನುಗ್ಗಿ ಮಣ್ಣನ್ನು ಸಡಿಲ ಮಾಡುತ್ತೆ. ಕೇಸಿಂಗ್ ಹಾಕಿ, ನೀರಿನಲ್ಲಿ ನಿಧಾನ ಕೊರೆಸಿ. ಗ್ರೌಟು ತುಂಬುತ್ತಾ ಕೇಸಿಂಗನ್ನು ಸ್ವಲ್ಪ ಸ್ವಲ್ಪವೇ ಎತ್ತಿಸಿ. ಅದರ ತುದಿ ಯಾವಾಗಲೂ ಗ್ರೌಟಿನೊಳಗೇ ಇರಬೇಕು. ಇವತ್ತು ತುಂಬಿದ ಪೈಲಿನ ಪಕ್ಕದ ತೂತನ್ನು ಇವತ್ತೇ ಕೊರೆಸಬೇಡಿ, ಹಸಿ ಗ್ರೌಟು ಈಚೆ ಬರುತ್ತೆ. ಒಂದು ಬಿಟ್ಟು ಒಂದು ಹಾಕುತ್ತಾ ಹೋಗಿ. ಹೊರಬರುವ ನೀರಿನ ಬಣ್ಣ ಯಾವ ಆಳದಲ್ಲಿ ಬದಲಾಯಿತು ಎಂದು ಪ್ರತಿ ಮೀಟರಿಗೂ ಬರೆದಿಡಿ. ಅಂಗಿ ಕೆಸರಾಗುತ್ತೆ. ಆಗಲಿ.

ಪ್ರಶ್ನೆ: ಕಂಬಿ ನೆಲದೊಳಗೆ ತುಕ್ಕು ಹಿಡಿಯಲ್ವಾ?

ಉತ್ತರ: ಸುತ್ತಲೂ ಗ್ರೌಟಿನ ಹೊದಿಕೆ ಸಮನಾಗಿದ್ದರೆ ಸುಲಭಕ್ಕೆ ಹಿಡಿಯಲ್ಲ. ಕಂಬಿ ಒಂದು ಬದಿಗೆ ಒರಗಿ ಮಣ್ಣಿಗೆ ತಾಗಿದರೆ ಹಿಡಿಯುತ್ತೆ. ಅದಕ್ಕೇ ಎರಡು ಮೂರು ಮೀಟರಿಗೊಂದು ಸ್ಪೇಸರ್ ಕಟ್ಟಿ, ಕಂಬಿಯನ್ನು ನಡುವೆ ನಿಲ್ಲಿಸುವುದು. ಉಪ್ಪು ನೀರಿನ ಜಾಗವಾದರೆ ಎಪಾಕ್ಸಿ ಬಳಿದ ಕಂಬಿಯನ್ನೋ ಪ್ಲಾಸ್ಟಿಕ್ ಕೊಳವೆಯೊಳಗೆ ಕೂರಿಸಿದ ಕಂಬಿಯನ್ನೋ ಹಾಕಿಸಿ.

ಪ್ರಶ್ನೆ: ನಮ್ಮದು ಒಂದೇ ಮಹಡಿ. ಒಂದೂಕಾಲು ಮೀಟರಿಗೇ ಗಟ್ಟಿ ಗರಸು ಮಣ್ಣು ಸಿಕ್ಕಿದೆ, ಗುದ್ದಲಿ ಹಾಕಿದರೆ ಠಣ್ ಎನ್ನುತ್ತೆ. ಜಾಗವೂ ವಿಶಾಲವಾಗಿದೆ. ಆದರೂ ಕಂಟ್ರಾಕ್ಟರು ಮೈಕ್ರೋಪೈಲೇ ಸೇಫು ಎನ್ನುತ್ತಿದ್ದಾರೆ. ಹಾಕಿಸಲಾ?

ಉತ್ತರ: ಬೇಡ. ಮಾಮೂಲಿ ಫುಟಿಂಗ್ ಸಾಕು. ಅವರ ಮಿಷನ್ ಖಾಲಿ ಕೂತಿರಬೇಕು.